ಆ ಕೊಂಬೆಯನ್ನು ನಾಟಕಕ್ಕೆ ತರಬಹುದೇ?

ಪ್ರಶ್ನೆ

ಜೋಹಾನ್ಸ್‌ಬರ್ಗ್‌ನಲ್ಲಿ ನಾಟಕ ಚಿಕಿತ್ಸೆ ಕಲಿಯುತ್ತಿದ್ದೇನೆ. ಶನಿವಾರಗಳಂದು ಸೊವೆಟೊದಲ್ಲಿ ಎಂಟು ಮಹಿಳೆಯರ ಗುಂಪಿನೊಂದಿಗೆ ಕೆಲಸ. ಎಲ್ಲರೂ 2020ರ ಲಾಕ್‌ಡೌನ್‌ನಲ್ಲಿ ಮನೆಯವರನ್ನು ಕಳೆದುಕೊಂಡವರು. ಆಗ ಅಂತ್ಯಕ್ರಿಯೆಗೆ 50 ಜನರ ಮಿತಿಯಿತ್ತು, ಹಿಂದಿನ ರಾತ್ರಿಯ ಜಾಗರಣೆಗೆ ನಿಷೇಧವಿತ್ತು.

ಕಲಿತಂತೆ ಖಾಲಿ ಕುರ್ಚಿಯ ಅಭ್ಯಾಸ ಮಾಡಿಸಿದೆ. ತೀರಿಕೊಂಡವರು ಅಲ್ಲಿ ಕುಳಿತಿದ್ದಾರೆ ಎಂದುಕೊಂಡು ಮಾತನಾಡಿ ಎಂದೆ. ಗುಂಪಿನ ಹಿರಿಯ ಗೋಗೊ (ಜುಲು ಭಾಷೆಯಲ್ಲಿ ಅಜ್ಜಿ) ಕುರ್ಚಿಯ ಕಡೆ ನೋಡಲೇ ಇಲ್ಲ. "ಮಗ ಇಲ್ಲಿಲ್ಲ ಮಗಳೇ. ಡರ್ಬನ್ನಿನ ಆಸ್ಪತ್ರೆಯಲ್ಲೇ ಇದ್ದಾನೆ. ಯಾರೂ ಹೋಗಿ ಕರೆತಂದಿಲ್ಲ" ಎಂದರು.

ಜುಲು ಕುಟುಂಬಗಳಲ್ಲಿ ದೂರದಲ್ಲಿ ಸತ್ತವರ ಆತ್ಮವನ್ನು ಉಮ್ಲಾಹ್ಲಾಂಕೋಸಿ ಮರದ ಮುಳ್ಳುಕೊಂಬೆಯಲ್ಲಿ ಮನೆಗೆ ತರುತ್ತಾರೆ. ಕೊಂಬೆ ಹಿಡಿದವರು ದಾರಿಯಲ್ಲಿ ಬೇರೆ ಯಾರೊಂದಿಗೂ ಮಾತನಾಡುವುದಿಲ್ಲ. ಟ್ಯಾಕ್ಸಿ ವ್ಯಾನಿನಲ್ಲಿ ಆತ್ಮಕ್ಕೂ ಒಂದು ಸೀಟಿನ ಬಾಡಿಗೆ ಕೊಡುತ್ತಾರೆ. ಇದನ್ನೇ ಗುಂಪಿನಲ್ಲಿ ಅಭಿನಯಿಸಬಹುದೇ? ಮಾರ್ಗದರ್ಶಕರು ಮಾಡಿ ನೋಡು ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.

ಉತ್ತರ 1

ಕೊಂಬೆಯನ್ನು ಮುಟ್ಟಬೇಡಿ.

ನಾನು ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳು. ನಮ್ಮ ಕಸುಬು 'ಎಂದುಕೊಳ್ಳೋಣ' ಎಂಬ ಮಾತಿನ ಮೇಲೆ ನಿಂತಿದೆ: ಪಾತ್ರದೊಳಗೆ ಹೋಗುತ್ತೇವೆ, ಗಂಟೆ ಮುಗಿದಾಗ ಹೊರಗೆ ಬರುತ್ತೇವೆ. ಕೊಂಬೆಗೆ ಆ ಬಾಗಿಲಿಲ್ಲ. ಕರೆದರೆ ಸತ್ತವನು ಬರುತ್ತಾನೆ, ಬಂದವನನ್ನು ಮನೆಗೆ ಮುಟ್ಟಿಸಲೇಬೇಕು. ನೀವು ಹನ್ನೆರಡಕ್ಕೆ ಸಭಾಂಗಣಕ್ಕೆ ಬೀಗ ಹಾಕಿ ಹೊರಡುತ್ತೀರಿ. ಆಮೇಲೆ?

ಹೊಸದರಲ್ಲಿ ನಾನೂ ಎಡವಿದ್ದೇನೆ. ತೀರಿಹೋದ ಹಿರಿಯರನ್ನು ಕರೆಯಲು ಸುಡುವ ಇಂಪೇಫೋ ಸೊಪ್ಪಿನ ಹೊಗೆಯನ್ನು ವಾತಾವರಣಕ್ಕಿರಲಿ ಎಂದು ಹಾಕಿದೆ. ಇಬ್ಬರು ಎದ್ದು ಹೋದರು. ಒಬ್ಬರ ಚರ್ಚ್ ಅದನ್ನು ಒಪ್ಪುತ್ತಿರಲಿಲ್ಲ. ಇನ್ನೊಬ್ಬರು ಅದನ್ನು ನಂಬುವವರು, ಅವರಿಗೇ ಹೆಚ್ಚು ಸಿಟ್ಟು: ಹೇಳಲು ಏನೂ ಇಲ್ಲದೆ ಹಿರಿಯರನ್ನು ಎಬ್ಬಿಸುತ್ತಾರೆಯೇ ಎಂದರು. ವೃತ್ತ, ಹಾಡಿನ ಕರೆ ಮತ್ತು ಮರುದನಿ, ಕುಲದ ಹೊಗಳಿಕೆಯ ಹೆಸರುಗಳು, ಇವನ್ನು ಅವರಾಗಿ ತಂದರೆ ಸ್ವೀಕರಿಸಿ. ನೀವಾಗಿ ತರಬೇಡಿ.

ಉತ್ತರ 2

'ಆಫ್ರಿಕಾದ ಆಚರಣೆ' ಎಂಬ ಒಂದು ವಸ್ತುವೇ ಇಲ್ಲ. ಸೆನೆಗಾಲ್‌ನ ಲೆಬು ಜನರು ರೋಗ ಗುಣಪಡಿಸಲು ಮಾಡುವ ಎನ್‌ಡೆಪ್ ಬೇರೆ, ಜುಲು ಕೊಂಬೆ ಬೇರೆ. ಸೊವೆಟೊದ ಒಂದೇ ಗುಂಪಿನಲ್ಲಿ ಸೋಥೊ, ವೆಂಡಾ ಮನೆಯವರೂ ಇರಬಹುದು.

ಹಳೆಯ ದಾರಿಯೊಂದಿದೆ. 1950ರ ದಶಕದಲ್ಲಿ ನೈಜೀರಿಯಾದ ಅಬೆಯೊಕುಟಾದಲ್ಲಿ ಮನೋವೈದ್ಯ ಲ್ಯಾಂಬೊ ರೋಗಿಗಳನ್ನು ಸುತ್ತಲಿನ ಹಳ್ಳಿಗಳಲ್ಲಿ ಮನೆಯವರೊಂದಿಗೆ ಇರಿಸಿ, ಸಾಂಪ್ರದಾಯಿಕ ವೈದ್ಯರನ್ನೂ ಕೆಲಸಕ್ಕೆ ಸೇರಿಸಿಕೊಂಡರು. ಸೆನೆಗಾಲ್‌ನ ಡಾಕರ್‌ನಲ್ಲಿ, ಫಾನ್ ಆಸ್ಪತ್ರೆಯಲ್ಲಿ ಫ್ರೆಂಚ್ ಮನೋವೈದ್ಯ ಕೊಲೊಂಬ್ ಕೂಡ ಅಂಥವರ ಜೊತೆಗೇ ಕೆಲಸ ಮಾಡಿದರು. ಆಚರಣೆಯ ಅಧಿಕಾರ ಅದನ್ನು ಬಲ್ಲವರ ಕೈಯಲ್ಲಿರಲಿ. ನಿಮ್ಮಲ್ಲಂತೂ ಸಾಂಪ್ರದಾಯಿಕ ವೈದ್ಯರಿಗಾಗಿಯೇ 2007ರ ಕಾನೂನಿದೆ.

ಪ್ರಶ್ನೆ ಕೇಳಿದವಳು, ಎರಡು ವಾರದ ನಂತರ

ಗೋಗೊ ಅವರ ಒಪ್ಪಿಗೆ ಪಡೆದೇ, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆಯನ್ನು ಗುಂಪಿನ ಮುಂದೆಯೇ ಇಟ್ಟೆ. ಮೊದಲೇ ಇಡಬೇಕಿತ್ತು. ಗೋಗೊ ನಕ್ಕರು. "ಕೊಂಬೆ ನನ್ನ ಮೈದುನನ ಕೆಲಸ. ಅವನನ್ನು ಕೇಳುವುದು ಹೇಗೆ, ನನಗಿರುವ ಚಿಂತೆ ಅದು. ಖರ್ಚಿನ ಮಾತು ಬಂದರೆ ಎದ್ದು ಹೋಗುತ್ತಾನೆ."

ಸರಿ, ಅದನ್ನೇ ಆಡಿದೆವು. ಮೈದುನನ ಪಾತ್ರಕ್ಕೆ ಗುಂಪಿನ ಅತಿ ಜೋರಿನ ಹೆಂಗಸು. ಗೋಗೊ ಮೂರು ಸಲ ಸೋತರು, ನಾಲ್ಕನೆಯ ಸಲ ಅವರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಆಮೇಲೆ ತಾವೇ ಕುರ್ಚಿಗಳನ್ನು ಸಾಲಾಗಿ ಜೋಡಿಸಿ ವ್ಯಾನ್ ಮಾಡಿದರು. ಕೊಂಬೆ ಇರಲಿಲ್ಲ, ಯಾರೂ ಸತ್ತವರಾಗಲಿಲ್ಲ. ಇಲ್ಲಿ ಬಾಡಿಗೆ ಹಿಂದಿನ ಸಾಲಿನಿಂದ ಕೈಯಿಂದ ಕೈಗೆ ಮುಂದಕ್ಕೆ ಹೋಗುತ್ತದೆ. ಗೋಗೊ ನಿಜವಾದ ನಾಣ್ಯಗಳನ್ನೇ ತೆಗೆದು ಕೊಟ್ಟರು. ಚಾಲಕಿಯಾಗಿದ್ದವರು ಎಣಿಸಿ, "ಹೆಚ್ಚಾಗಿದೆ, ಗೋಗೊ" ಎಂದರು.

"ಇಬ್ಬರದು" ಎಂದರು ಗೋಗೊ.

ಹೊರಡುವ ಮೊದಲು ಪ್ರತಿಯೊಬ್ಬರೂ ಪಾತ್ರವನ್ನು ಕೊಡವಿ ತಮ್ಮ ತಮ್ಮ ಹೆಸರು ಹೇಳಿದರು. ಗೋಗೊ ತಮ್ಮ ನಾಣ್ಯಗಳನ್ನು ವಾಪಸು ಕೇಳಿ ಪಡೆದರು. ಮುಂದಿನ ಶನಿವಾರ ಮೈದುನನ ದೃಶ್ಯ ಇನ್ನೊಮ್ಮೆ ಬೇಕಂತೆ.