ನೆಟ್‌ಬಾಕ್ಸ್: 61 ಸಾಮಾನಿಗೆ 38 ಡಿವೈಸ್ ಟೈಪ್ ಮಾಡಿ ಕೂತಿದ್ದೇನೆ

ಮಂಜಿನೂರು:
ನಮಸ್ಕಾರ. ಮಡಿಕೇರಿಯಲ್ಲಿ ಒಂದು ಸಣ್ಣ ಸರ್ವರ್ ರೂಮ್ ನೋಡಿಕೊಳ್ಳುತ್ತೇನೆ. ಮೂರು ರ‍್ಯಾಕ್, 61 ಸಾಮಾನು. ಇಷ್ಟು ದಿನ ಎಲ್ಲ ಎಕ್ಸೆಲ್‌ನಲ್ಲಿತ್ತು. ಈ ಮಳೆಯಲ್ಲಿ ಹೊರಗೆ ಓಡಾಟ ಕಡಿಮೆ, ಸುಮ್ನೆ ಕೂರುವುದೇಕೆ ಅಂತ, ಯಾವ ಸಾಮಾನು ಎಲ್ಲಿದೆ ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಆದ ನೆಟ್‌ಬಾಕ್ಸ್‌ಗೆ ಹಾಕಿದೆ.

ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೊಸ ಡಿವೈಸ್ ಟೈಪ್ (ಒಂದು ಮಾಡೆಲ್‌ನ ವಿವರ) ಮಾಡುತ್ತಾ ಹೋದೆ. ‘ಅಕೌಂಟ್ಸ್ ಸ್ವಿಚ್’, ‘ಮೇಲಿನ ಮಹಡಿ ಸ್ವಿಚ್’, ‘ಹಳೇ ಸ್ವಿಚ್’. ಮೂರೂ ಒಂದೇ ಮಾಡೆಲ್‌ನ ನೆಟ್‌ವರ್ಕ್ ಸ್ವಿಚ್!

ನಿನ್ನೆ ‘ಅಕೌಂಟ್ಸ್ ಸ್ವಿಚ್’ ಟೈಪ್‌ಗೆ ನಾಲ್ಕು ಅಪ್‌ಲಿಂಕ್ ಪೋರ್ಟ್ (ಮುಖ್ಯ ನೆಟ್‌ವರ್ಕ್‌ಗೆ ಹೋಗುವ ಕೇಬಲ್ ಚುಚ್ಚುವ ಜಾಗ) ಸೇರಿಸಿದೆ. ಆ ಸ್ವಿಚ್ ತೆರೆದರೆ ಒಂದೂ ಕಾಣುವುದಿಲ್ಲ. ಬೇಡದ ಟೈಪ್ ಅಳಿಸಲು ಹೋದರೆ ಬಿಡುವುದಿಲ್ಲ. ಎಲ್ಲ ತೆಗೆದು ಮೊದಲಿನಿಂದ ಶುರು ಮಾಡಬೇಕಾ?

ಹಳೇಕೇಬಲ್:
ಅಳಿಸಬೇಡಿ ಮಾರಾಯ್ರೆ. ನಿಮ್ಮದು ತೋಟದ ಊರು, ಹೀಗೆ ನೋಡಿ. ಸಿಲ್ವರ್ ಓಕ್ ಅನ್ನುವುದು ಮರದ ಜಾತಿ. ಅದು ಟೈಪ್. ಒಂದು ಮರ ಕಾಫಿಗೆ ನೆರಳು, ಇನ್ನೊಂದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೀರಿ. ಅದು ರೋಲ್. ಬಳ್ಳಿ ಹಬ್ಬಿದ್ದಕ್ಕೆ ಮರದ ಜಾತಿ ಬದಲಾಗುತ್ತದಾ? ಟೈಪ್‌ನಲ್ಲಿ ಕಂಪನಿ, ಮಾಡೆಲ್, ಎತ್ತರ, ಯಾವ ಯಾವ ಪೋರ್ಟ್, ಇಷ್ಟಿದ್ದರೆ ಸಾಕು. ಮಹಡಿಗೆ ಲೊಕೇಶನ್ ಇದೆ, ‘ಹಳೇ’ ಅನ್ನುವುದಕ್ಕೆ ಟ್ಯಾಗ್ ಇದೆ.

ಟೈಪ್‌ನ ಪೋರ್ಟ್‌ಗಳು ಬರೀ ಅಚ್ಚು. ಡಿವೈಸ್ ಸೇರಿಸುವಾಗ ಒಮ್ಮೆ ನಕಲಾಗುತ್ತವೆ. ಆಮೇಲೆ ಅಚ್ಚು ತಿದ್ದಿದರೆ ಹಳೆಯ ಡಿವೈಸ್‌ಗೆ ತಾಗುವುದಿಲ್ಲ. ಒಳ್ಳೆಯದೇ ಆಯ್ತು ಅನ್ನಿ, ಇಲ್ಲದಿದ್ದರೆ ಅಚ್ಚಿನಲ್ಲಿ ಒಂದು ಪೋರ್ಟ್ ತೆಗೆದ ಕೂಡಲೇ ಎಲ್ಲ ಸ್ವಿಚ್‌ಗಳಲ್ಲೂ ಮಾಯವಾಗುತ್ತಿತ್ತು, ಕೇಬಲ್ ಸಮೇತ. ಡಿವೈಸ್ ಪಟ್ಟಿಯಲ್ಲಿ ಮೂರನ್ನೂ ಟಿಕ್ ಮಾಡಿ, ಇಂಟರ್‌ಫೇಸ್ (ಅಂದರೆ ಪೋರ್ಟ್) ಸೇರಿಸಿ. ಹೆಸರಿಗೆ ‘ಅಪ್‌ಲಿಂಕ್[1-4]’ ಅಂತ ಕೊಟ್ಟರೆ ನಾಲ್ಕೂ ಒಟ್ಟಿಗೆ ಬರುತ್ತವೆ.

ಡಿವೈಸ್ ಬಳಸುತ್ತಿರುವ ಟೈಪ್ ಅಳಿಯುವುದಿಲ್ಲ. ಒಂದು ಸರಿಯಾದ ಟೈಪ್ ಇಟ್ಟುಕೊಂಡು, ಬಲ್ಕ್ ಎಡಿಟ್‌ನಲ್ಲಿ ಮೂರನ್ನೂ ಅದಕ್ಕೆ ಬದಲಾಯಿಸಿ. ಖಾಲಿಯಾದವು ಆಮೇಲೆ ಸಲೀಸಾಗಿ ಹೋಗುತ್ತವೆ.

ಯಾಮಲ್‌ಪ್ರಿಯ:
ಒಂದೊಂದೇ ಟೈಪನ್ನು ಕೈಯಾರೆ ತುಂಬುವುದೇ ಯಾಕೆ? ಗಿಟ್‌ಹಬ್‌ನಲ್ಲಿ ಡಿವೈಸ್ ಟೈಪ್ ಲೈಬ್ರರಿ ಇದೆ. ನಿಮ್ಮ ಮಾಡೆಲ್‌ನ ಯಾಮಲ್ ಫೈಲ್ (ಟೈಪ್‌ನ ವಿವರ ಬರೆದಿಟ್ಟ ಪಠ್ಯ ಕಡತ) ಸಿಕ್ಕಿದರೆ ಇಂಪೋರ್ಟ್ ಮಾಡಿ. ಕಂಪನಿಯ ಹೆಸರನ್ನು ಮಾತ್ರ ಮೊದಲೇ ಸೇರಿಸಿರಬೇಕು.

ಮಂಜಿನೂರು:
38 ಇದ್ದದ್ದು 14ಕ್ಕೆ ಬಂತು! ನಡುವೆ ಎರಡು ಸಲ ಕರೆಂಟ್ ಹೋಯಿತು, ಆಗಲೇ ಇನ್ನೊಂದು ತಪ್ಪು ಗೊತ್ತಾಗಿದ್ದು. ಯುಪಿಎಸ್ ಕೂಗುತ್ತಿದೆ ಅಂತ ಟಾರ್ಚ್ ಹಿಡಿದು ಹೋದೆ. ಅದರ ಕೆಳಗೆ ಬ್ಯಾಟರಿ ಪೆಟ್ಟಿಗೆ! ನಾನು ಬರೆದೇ ಇಲ್ಲ. ನೆಟ್‌ಬಾಕ್ಸ್ ಆ ಜಾಗ ಖಾಲಿ ಅನ್ನುತ್ತಿದೆ, ಹೊಸ ಸರ್ವರ್ ಅಲ್ಲಿಗೇ ಅಂತ ಆರ್ಡರ್ ಕೊಟ್ಟಾಗಿದೆ. ಯುಪಿಎಸ್ ಟೈಪ್‌ನ ಎತ್ತರವನ್ನೇ ಹೆಚ್ಚಿಸಲಾ?

ಹಳೇಕೇಬಲ್:
ಬೇಡ. ಪೆಟ್ಟಿಗೆಗೆ ಬೇರೆಯೇ ಟೈಪ್ ಮಾಡಿ, ನಾಳೆ ಅದೊಂದನ್ನೇ ಬದಲಾಯಿಸುತ್ತೀರಿ. ರ‍್ಯಾಕ್‌ನಲ್ಲಿ ಎತ್ತರ ಅಳೆಯುವುದು ‘ಯು’ ಲೆಕ್ಕದಲ್ಲಿ, 1 ಯು ಅಂದರೆ 44.45 ಮಿ.ಮೀ. ಟೇಪ್ ಹಿಡಿದಾಗ 9 ಸೆಂ.ಮೀ. ಹತ್ತಿರ ಬಂದರೆ 2 ಯು. ರ‍್ಯಾಕ್ ಬದಿಯಲ್ಲಿ ಉದ್ದಕ್ಕೆ ನಿಲ್ಲಿಸಿದ ಪವರ್ ಸ್ಟ್ರಿಪ್ ಇದ್ದರೆ ಅದಕ್ಕೆ 0 ಹಾಕಿ.

ಸರ್ವರ್ ಬರುವುದು ಯಾವಾಗ?

ಮಂಜಿನೂರು:
ಕುಶಾಲನಗರ ದಾಟಿದೆಯಂತೆ ಸರ್. ಟೇಪ್ ಹುಡುಕುತ್ತಿದ್ದೇನೆ.