ಡಿಕಿನ್ಸನ್: ಕೈಬರಹವನ್ನೇ ಓದಬೇಕೋ, ಅಚ್ಚಾದದ್ದು ಸಾಕೋ?

ಅರೆಓದುಗ
ಅಮೆರಿಕದ ಕವಿ ಎಮಿಲಿ ಡಿಕಿನ್ಸನ್‌ಳ ಆ ಪದ್ಯ ಇಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. ಸಾವು ಮರ್ಯಾದಸ್ಥ ಗಂಡಸಿನ ಹಾಗೆ ಗಾಡಿ ನಿಲ್ಲಿಸಿ ಅವಳನ್ನು ಹತ್ತಿಸಿಕೊಂಡು ಹೊರಡುತ್ತಲ್ಲ, ಅದು. ಡಿಗ್ರಿಯಲ್ಲಿ ನಮಗಿದ್ದದ್ದು ಐದು ಚರಣ. ಮೊನ್ನೆ ಅವಳ ಹಸ್ತಪ್ರತಿಯ ಫೋಟೋ ನೋಡಿದರೆ ಆರು ಚರಣ ಇದೆ! ಅವಳು ತೀರಿಕೊಂಡ ನಾಲ್ಕು ವರ್ಷಕ್ಕೆ, 1890ರಲ್ಲಿ, ಅವಳ ಮನೆಯವರ ಪರಿಚಿತೆ ಮೇಬಲ್ ಲೂಮಿಸ್ ಟಾಡ್ ಮತ್ತು ಅವಳು ಪತ್ರ ಬರೆಯುತ್ತಿದ್ದ ವಿಮರ್ಶಕ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಸೇರಿ ತಂದ ಮೊದಲ ಸಂಕಲನದಲ್ಲಿ ನಾಲ್ಕನೇ ಚರಣವನ್ನೇ ಎತ್ತಿಬಿಟ್ಟಿದ್ದಾರೆ.

ಅದು ಬಿಡುವಂಥ ಚರಣವೂ ಅಲ್ಲ. ಮೂರನೆಯದರ ಕೊನೆಗೆ ‘ಮುಳುಗುವ ಸೂರ್ಯನನ್ನು ದಾಟಿದೆವು’ ಅಂತಾಳೆ. ನಾಲ್ಕನೆಯದು ಶುರುವಾಗೋದೇ ‘ಅಲ್ಲ, ಅವನೇ ನಮ್ಮನ್ನು ದಾಟಿಹೋದ’ ಅಂತ. ಆಮೇಲೆ ಇಬ್ಬನಿ, ಚಳಿ, ಮೈಮೇಲೆ ಜೇಡರ ಬಲೆಯಷ್ಟು ತೆಳುವಾದ ಬಟ್ಟೆ. ತಾನು ಎಲ್ಲಿಗೆ ಹೊರಟಿದ್ದೇನೆ ಅಂತ ಅವಳಿಗೆ ಹೊಳೆಯೋದೇ ಅಲ್ಲಿ. ಅದನ್ನು ತೆಗೆದರೆ ಉಳಿಯೋದು ಸಂಜೆ ಸವಾರಿ ಅಷ್ಟೇ. ಇಂಥ ಸಂಪಾದಕರನ್ನು ನಂಬಿ ಓದಬೇಕಾ? ಇಲ್ಲಾ ಎಲ್ಲರೂ ಕೈಬರಹಕ್ಕೇ ಹೋಗಬೇಕಾ?

ಪ್ರೂಫ್ ರೀಡರ್
ಚರಣ ಬಿಟ್ಟಿದ್ದನ್ನು ಯಾರೂ ಸಮರ್ಥಿಸಿಕೊಳ್ಳೋಲ್ಲ ಸ್ವಾಮಿ. ಆದರೆ ಟಾಡ್‌ಳನ್ನು ಕಟಕಟೆಗೆ ಹತ್ತಿಸುವ ಮುಂಚೆ ಅಂದಿನ ಪರಿಸ್ಥಿತಿಯನ್ನೂ ನೋಡಿ. ಡಿಕಿನ್ಸನ್ ಬದುಕಿದ್ದಾಗ ಅಚ್ಚಾದದ್ದು ಹತ್ತೋ ಹನ್ನೊಂದೋ ಕವಿತೆ, ಅವೂ ಹೆಸರಿಲ್ಲದೆ. 1886ರಲ್ಲಿ ಸತ್ತ ಮೇಲೆ ತಂಗಿ ಲವೀನಿಯಾ ಕೋಣೆ ತೆಗೆದು ನೋಡಿದರೆ ಕೈಯಲ್ಲಿ ಹೊಲಿದ ನಲವತ್ತು ಪುಸ್ತಿಕೆ, ಜೊತೆಗೆ ರಾಶಿ ಬಿಡಿ ಹಾಳೆ. ಮೊದಲು ಕೊಟ್ಟಿದ್ದು ಅತ್ತಿಗೆ ಸೂಸನ್ ಕೈಗೆ. ಆಕೆ ತಡಮಾಡುತ್ತಲೇ ಹೋದರು. ಕೊನೆಗೆ ಕೂತು ಆ ಅಕ್ಷರ ಬಿಡಿಸಿ ನೂರಾರು ಕವಿತೆ ನಕಲು ಮಾಡಿದ್ದು ಟಾಡ್. ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್‌ನವರಿಗೆ ಧೈರ್ಯ ಸಾಲದೆ ಅಚ್ಚಿನ ಫಲಕದ ಖರ್ಚನ್ನು ಲವೀನಿಯಾಳ ಹತ್ತಿರವೇ ಕೊಡಿಸಿಕೊಂಡರು. ಆ ಪುಸ್ತಕ ಎರಡು ವರ್ಷದಲ್ಲಿ ಹನ್ನೊಂದು ಮುದ್ರಣ ಕಂಡಿತು. ಆಕೆ ವಿರಾಮಚಿಹ್ನೆಯ ಹಾಗೆ ಎಳೆಯುತ್ತಿದ್ದ ಅಡ್ಡಗೆರೆ (ಡ್ಯಾಶ್), ಒರಟು ಪ್ರಾಸ ಎಲ್ಲ ಇದ್ದ ಹಾಗೇ ಅಚ್ಚು ಹಾಕಿದ್ದರೆ 1890ರ ಓದುಗ ಎರಡನೇ ಪುಟಕ್ಕೇ ಮಡಚಿಡುತ್ತಿದ್ದ.

ಧಾರವಾಡದಾಂವ
ಓದುಗ ಮಡಚತಿದ್ದಾ ಇಲ್ಲಾ ಅಂತ ನಿಮಗ್ಹೆಂಗ ಗೊತ್ತ್ರಿ? ತೋರಿಸೇ ಇಲ್ಲಲ್ಲ ಅವಂಗ.

ಮತ್ತ ಬರೇ ಒಂದು ಚರಣದ ಮಾತಲ್ಲ ಇದು. ಅದೇ ಪದ್ಯದಾಗ ಸಾಲಿ ಮಕ್ಕಳು ಬಿಡುವಿನ ಹೊತ್ತಿಗೆ ದುಂಡಗ ನಿಂತು ಪೈಪೋಟಿ ಮಾಡತಾವು ಅಂತ ಆಕಿ ಬರದಾಳ. ಇವರು ಅದನ್ನ ‘ಪಾಠ ಈಗಷ್ಟೇ ಮುಗಿಸಿ ಆಡತಾವು’ ಅಂತ ತಿದ್ದ್ಯಾರ. ಯಾಕ? ಚರಣದ ಕೊನಿಗೆ ಬರೋ ‘ಸೂರ್ಯ’ನ ಜೋಡಿ ಪ್ರಾಸ ಕೂಡಲಿ ಅಂತ. ಇನ್ನ ಗೋರಿ ಬರೋ ಚರಣ. ಆಕಿ ‘ನೆಲ’ ಅನ್ನೋ ಶಬ್ದಕ್ಕ ಪ್ರಾಸ ಅಂತ ಮತ್ತ ‘ನೆಲ’ನೇ ಇಟ್ಟಾಳ. ಮನಿಯ ಅಂಚು ಸೈತ ನೆಲದಾಗ ಹೂತದ, ಪ್ರಾಸಾನೂ ಅಲ್ಲೇ ಹೂತದ. ಸಂಪಾದಕರು ಅದನ್ನ ‘ದಿಬ್ಬ’ ಮಾಡ್ಯಾರ. ಕಿವಿಗೆ ಬೇರೆ ಸಪ್ಪಳ ಬೇಕಾತು ನೋಡ್ರಿ ಅವರಿಗೆ. ಮ್ಯಾಲೆ ಒಂದು ಹೆಸರು ಬ್ಯಾರೆ ಇಟ್ಟಾರ, ‘ರಥ’ ಅಂತ. ಆಕಿ ತನ್ನ ಪದ್ಯಗಳಿಗೆ ಹೆಸರು ಇಡತಿದ್ದದ್ದೇ ಅಪರೂಪ.

ನಿರ್ಮಲಕ್ಕ
ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು, ಇದರಲ್ಲಿ ತಲೆಹಾಕದೆ ಇರೋಕಾಗಲ್ಲ. ಆಕೆಗೆ ವಿರಾಮಚಿಹ್ನೆಯ ಮೇಲೆ ಎಷ್ಟು ಗಮನವಿತ್ತು ಅನ್ನೋದಕ್ಕೆ ಆಕೆಯ ಪತ್ರವೇ ಸಾಕ್ಷಿ. ಹುಲ್ಲಿನಲ್ಲಿ ಸರಿದುಹೋಗುವ ಹಾವಿನ ಪದ್ಯ 1866ರ ಫೆಬ್ರವರಿಯಲ್ಲಿ ‘ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್’ ಪತ್ರಿಕೆಯಲ್ಲಿ ಬಂತು, ಆಕೆಯನ್ನು ಕೇಳದೆಯೇ. ಹಿಗಿನ್ಸನ್‌ಗೆ ಬರೆದ ಪತ್ರದಲ್ಲಿ ಅದನ್ನು ನನ್ನಿಂದ ಕದ್ದರು ಅಂತಾಳೆ, ಅಷ್ಟಕ್ಕೇ ಬಿಡದೆ ಮೂರನೇ ಸಾಲನ್ನು ವಿರಾಮಚಿಹ್ನೆ ಹಾಕಿ ಸೋಲಿಸಿದರು ಅಂತಲೂ ಸೇರಿಸ್ತಾಳೆ. ಮೂರನೇ ಸಾಲು ನಾಲ್ಕನೆಯದಕ್ಕೆ ಜಾರಿಕೊಂಡು ಹೋಗಬೇಕಿತ್ತು. ಪತ್ರಿಕೆಯವರು ನಡುವೆ ಪ್ರಶ್ನಾರ್ಥಕ ಹಾಕಿ ನಿಲ್ಲಿಸಿದರು. ಹಾವಿನ ಪದ್ಯದಲ್ಲಿ ಸಾಲು ಜಾರದಿದ್ದರೆ ಇನ್ನೇನುಂಟು!

ಒಂದು ಚಿಹ್ನೆಗೆ ಹೀಗೆ ದೂರು ಕೊಟ್ಟವಳು ಒಂದು ಚರಣವನ್ನೇ ಕಿತ್ತಿದ್ದನ್ನು ಕಂಡಿದ್ದರೆ ಏನನ್ನುತ್ತಿದ್ದಳೋ.

ಪ್ರೂಫ್ ರೀಡರ್
ನಿರ್ಮಲಕ್ಕ, ಆ ಪತ್ರ ನನಗೂ ಗೊತ್ತು. ಆದರೆ ಹಸ್ತಪ್ರತಿಗೆ ಹೋಗಿ ಅನ್ನುವವರು ಒಂದು ಹೇಳಲ್ಲ. ಯಾವ ಹಸ್ತಪ್ರತಿಗೆ? ಒಂದೇ ಕವಿತೆಯನ್ನು ಆಕೆ ನಾಲ್ಕು ಜನಕ್ಕೆ ನಾಲ್ಕು ಥರ ಬರೆದು ಕಳಿಸಿದ್ದುಂಟು. ಕೊನೆಯ ಪಾಠ, ಅಂದರೆ ಕವಿತೆಯ ಅಂತಿಮ ರೂಪ, ಇದು ಅಂತ ಆಕೆಯೇ ನಿರ್ಧರಿಸದಿದ್ದರೆ ಯಾರೋ ಒಬ್ಬರು ನಿರ್ಧರಿಸಲೇಬೇಕು. ಇಲ್ಲದಿದ್ದರೆ ಪುಸ್ತಕ ಆಗೋಲ್ಲ, ಕಡತ ಆಗುತ್ತೆ.

ನಿರ್ಮಲಕ್ಕ
ಅದೇ ನನಗೆ ಬಲು ಇಷ್ಟವಾದ ಭಾಗ! ಬಿಳಿ ಹಾಲುಗಲ್ಲಿನ ಕೋಣೆಗಳಲ್ಲಿ ಸುರಕ್ಷಿತವಾಗಿ ಮಲಗಿರುವ ಸತ್ತವರ ಪದ್ಯ ಇದೆಯಲ್ಲ, ಅದನ್ನೇ ತಗೊಳ್ಳಿ. 1861ರಲ್ಲಿ ಅದರ ಎರಡನೇ ಚರಣ ಸೂಸನ್‌ಗೆ ಒಪ್ಪಿಗೆಯಾಗಲಿಲ್ಲ. ಡಿಕಿನ್ಸನ್ ಬೇರೆ ಬರೆದು ಕಳಿಸಿದಳು. ಅದೂ ಹಿಡಿಸಲಿಲ್ಲ, ಮತ್ತೊಂದು ಬರೆದಳು. ಬೇಲಿಯ ಆಚೆ ಈಚೆ ಎರಡು ಮನೆ, ನಡುವೆ ಚೀಟಿ ಓಡಾಡ್ತಿದೆ ಅಂತ ಕಲ್ಪಿಸಿಕೊಳ್ಳಿ. ಮುಂದಿನ ಮಾರ್ಚಿನಲ್ಲಿ ಪತ್ರಿಕೆಯಲ್ಲಿ ಬಂದದ್ದು ಹಳೆಯ ಚರಣ, ಏಪ್ರಿಲ್‌ನಲ್ಲಿ ಹಿಗಿನ್ಸನ್‌ಗೆ ‘ನನ್ನ ಪದ್ಯಕ್ಕೆ ಜೀವ ಇದೆಯೇ ಹೇಳಿ’ ಅಂತ ಕೇಳಿ ಕಳಿಸಿದ ನಾಲ್ಕು ಕವಿತೆಗಳಲ್ಲಿ ಇದ್ದದ್ದು ಹೊಸದು. ಹಳೆಯದರಲ್ಲಿ ತಂಗಾಳಿ, ಜೇನು, ಹಕ್ಕಿ. ಹೊಸದರಲ್ಲಿ ವರ್ಷಗಳು ಮೇಲೆ ಗಂಭೀರವಾಗಿ ಸಾಗ್ತವೆ, ಕಿರೀಟಗಳು ಬೀಳ್ತವೆ. 1890ರ ಸಂಪಾದಕರು ಎರಡನ್ನೂ ಒಟ್ಟಿಗೆ ಹೊಲಿದು ಮೂರು ಚರಣದ ಪದ್ಯ ಮಾಡಿಬಿಟ್ಟರು. ಆಕೆ ಬರೆಯದ ಪದ್ಯ ಅದು.

ಇನ್ನು ಪುಸ್ತಿಕೆಗಳಲ್ಲಿ ಆಕೆ ಶಬ್ದದ ತಲೆಯ ಮೇಲೆ ಪುಟ್ಟ ಕೂಡುವ ಚಿಹ್ನೆ ಹಾಕಿ, ಪುಟದ ಕೆಳಗೆ ಅದಕ್ಕೆ ಬದಲಿ ಶಬ್ದ ಬರೆದಿಡ್ತಾಳೆ. ಕೆಲವು ಕಡೆ ಎರಡು, ಮೂರು. ಯಾವುದನ್ನೂ ಹೊಡೆದು ಹಾಕಲ್ಲ. ಇದು ಶುದ್ಧಪ್ರತಿ ಅನ್ನೋದು ನೆನಪಿರಲಿ, ಕರಡಲ್ಲ. ಮಡಿಚಿದ ಹಾಳೆಗೆ ಶಾಯಿಯಲ್ಲಿ ನೀಟಾಗಿ ನಕಲು ಮಾಡಿ, ನಾಲ್ಕೈದು ಹಾಳೆ ಒಂದರ ಮೇಲೊಂದಿಟ್ಟು, ಎಡಕ್ಕೆ ಎರಡು ತೂತು ಚುಚ್ಚಿ ದಾರ ಕಟ್ಟಿದ್ದು. ದಾರ ಕಟ್ಟಿದ ಮೇಲೂ ಆಯ್ಕೆ ತೆರೆದೇ ಇಟ್ಟಿದ್ದಾಳೆ ಅಂದರೆ ಅದು ಅನಿಶ್ಚಯ ಅಲ್ಲ, ಆಕೆ ಬರೆಯುತ್ತಿದ್ದ ರೀತಿಯೇ ಅದು.

ಪ್ರೂಫ್ ರೀಡರ್
ಅಥವಾ ಮುಂದೆ ನೋಡಿ ತೀರ್ಮಾನ ಮಾಡೋಣ ಅಂತ ಬಿಟ್ಟಿದ್ದಿರಬಹುದು. ಕೈಯಲ್ಲಿ ಕೆಲಸ ಇರುವ ಯಾವ ಲೇಖಕನೂ ಹಾಗೆ ಮಾಡ್ತಾನೆ.

ಕಡಲಕರೆ
ನಮ್ಮಲ್ಲಿ ಹಳಗನ್ನಡ ಕಾವ್ಯಕ್ಕೆ ಪಾಠಾಂತರ ಕೊಡುವುದಿಲ್ವಾ, ಹಾಗೆ ಕೆಳಗೆ ಅಡಿಟಿಪ್ಪಣಿ ಹಾಕಿದ್ರೆ ಆಯ್ತಲ್ಲ ಮಾರಾಯ್ರೆ. ಇದಕ್ಕೆ ಇಷ್ಟು ಜಗಳ ಎಂತಕ್ಕೆ?

ನಿರ್ಮಲಕ್ಕ
ಅಲ್ಲಿ ಪಾಠಾಂತರ ಬರೋದು ಲಿಪಿಕಾರರಿಂದ ಕಣಪ್ಪ, ಕವಿ ಬರೆದದ್ದು ಒಂದೇ ಅಂತಿಟ್ಟುಕೊಂಡು ಹುಡುಕ್ತೀವಿ. ಇಲ್ಲಿ ಎಲ್ಲ ಪಾಠವೂ ಕವಿಯ ಕೈಯದೇ. ಒಂದನ್ನು ಮೇಲಿಟ್ಟು ಉಳಿದದ್ದನ್ನು ಅಡಿಗೆ ಹಾಕೋಕೆ ಯಾವ ಆಧಾರ?

ಧಾರವಾಡದಾಂವ
ಆ ಅಡ್ಡಗೆರಿ ಮಾತೂ ಅಷ್ಟೇ. ಅಚ್ಚಿನಾಗ ಎಲ್ಲಾ ಗೆರಿ ಒಂದ ಅಳತಿ. ಫೋಟೋ ತಗದು ನೋಡ್ರಿ, ಒಂದು ಮ್ಯಾಲೇರತದ, ಒಂದು ಕೆಳಗಿಳೀತದ, ಕೆಲವು ಚುಕ್ಕಿಗಿಂತ ಒಂಚೂರು ಉದ್ದ ಅಷ್ಟ. 1955ರಾಗ ಥಾಮಸ್ ಜಾನ್ಸನ್ ಮೂರು ಸಂಪುಟದಾಗ 1,775 ಕವಿತಾ ತಂದು ಗೆರಿ ವಾಪಸ್ ಕೊಟ್ಟ, ಛಲೋ ಮಾಡಿದ. ಆದ್ರ ಎಲ್ಲಾ ಇಸ್ತ್ರಿ ಮಾಡಿದಂಗ ಕೊಟ್ಟ.

ಸಾಲು ಮುರಿಯೂದೂ ಹಂಗ. ಆಕಿ ಮುರದಲ್ಲೇ ಮುರೀಬೇಕು. ಸೂಸನ್ ಹಾವ್ ಅನ್ನೋ ಕವಿಯಿತ್ರಿ ಇದನ್ನ ಎಷ್ಟೋ ವರ್ಷದಿಂದ ಹೇಳ್ಕೋತ ಬಂದಾಳ.

ಪ್ರೂಫ್ ರೀಡರ್
ಇಲ್ಲಿ ನಾನು ಬಿಲ್‌ಕುಲ್ ಒಪ್ಪಲ್ಲ. ಚಿಕ್ಕ ಹಾಳೆ, ದೊಡ್ಡ ಅಕ್ಷರ. ಜಾಗ ಮುಗಿದಾಗ ಮುಂದಿನ ಸಾಲಿಗೆ ಹೋಗಿದ್ದಾಳೆ. ಆರ್. ಡಬ್ಲ್ಯು. ಫ್ರ್ಯಾಂಕ್ಲಿನ್ ವಾದವೂ ಇದೇ, ಮತ್ತು ಆ ಕಾಗದಗಳನ್ನು ಆತನಷ್ಟು ಮುಟ್ಟಿ ನೋಡಿದವರು ಕಡಿಮೆ. ಟಾಡ್ ಕಾಲದಲ್ಲಿ ಪುಸ್ತಿಕೆಗಳ ದಾರ ಬಿಚ್ಚಿ ಹಾಳೆ ಕಲೆತುಹೋಗಿದ್ದವು. ಫ್ರ್ಯಾಂಕ್ಲಿನ್ ಸೂಜಿ ತೂತು ಹೊಂದಿಸಿ, ಒಂದು ಹಾಳೆಯ ಕಲೆ ಇನ್ನೊಂದಕ್ಕೆ ಅಂಟಿದ್ದನ್ನು ನೋಡಿ, ಕಾಗದದ ಜಾತಿ ನೋಡಿ ಮತ್ತೆ ಜೋಡಿಸಿ 1981ರಲ್ಲಿ ಎರಡು ಸಂಪುಟಗಳಲ್ಲಿ ಪಡಿಯಚ್ಚು ತಂದ. ಆ ಮನುಷ್ಯನೇ ಸಾಲು ಮುರಿದದ್ದು ಕಾಗದದ ಅಗಲಕ್ಕೆ ಅಂದ ಮೇಲೆ ನಾವು ಯಾರು?

ವಚನಗಳನ್ನೂ ಓಲೆಗರಿಯಲ್ಲಿ ಸಾಲು ಮುರಿಯದೆ ಉದ್ದಕ್ಕೆ ಬರೆದಿದ್ದರು. ಪುಸ್ತಕದಲ್ಲಿ ಕಾಣುವ ಸಾಲುಗಳು ಸಂಪಾದಕರು ಮಾಡಿದ್ದು. ಓದೋಕೆ ಯಾರಿಗಾದರೂ ತೊಂದರೆ ಆಯಿತೇ?

ಧಾರವಾಡದಾಂವ
ಓಲೆಗರಿ ಬರದಾಂವ ಬಸವಣ್ಣ ಅಲ್ರಿ ಸಾಹೇಬ್ರ. ಇಲ್ಲಿ ಪೆನ್ನು ಹಿಡದಾಕಿ ಖುದ್ದು ಡಿಕಿನ್ಸನ್.

ಕಡಲಕರೆ
ಕೊನೆಗಾಲದ ಬಿಡಿ ಚೂರುಗಳಿಗೆ ಫ್ರ್ಯಾಂಕ್ಲಿನ್ ಹೇಳಿದ್ದು ಸಾಲುವುದಿಲ್ಲ ಅಂತ ನನಗೆ ಕಾಣುವುದು. ಲಕೋಟೆ ಬಿಡಿಸಿ ಒಳಬದಿಯಲ್ಲಿ ಬರೆದದ್ದು ಉಂಟು, ಚಾಕೊಲೇಟ್ ಸುತ್ತಿದ ಕಾಗದದ ಹಿಂದೆ ಉಂಟು, ತೆಂಗಿನಕಾಯಿ ಕೇಕ್ ಮಾಡುವ ವಿಧಾನ ಬರೆದ ಚೀಟಿಯ ಹಿಂದೆ ‘ಮರಳಿ ಬಾರದ ವಸ್ತುಗಳು’ ಅಂತ ಪದ್ಯ ಉಂಟು. ಲಕೋಟೆಯ ತ್ರಿಕೋನದ ಮೂಲೆಯಲ್ಲಿ ಸಾಲು ಸಣ್ಣ ಆಗ್ತಾ ಹೋಗ್ತದೆ, ಕೆಲವೆಡೆ ಕಾಗದ ತಿರುಗಿಸಿ ಅಡ್ಡ ಬರೆದದ್ದು. 2013ರಲ್ಲಿ ಲಕೋಟೆಗಳನ್ನು ಇದ್ದ ಅಳತೆಯಲ್ಲೇ ಅಚ್ಚು ಹಾಕಿದ್ರಲ್ಲ, ನೋಡ್ಲಿಕ್ಕೆ ಭಾರೀ ಚಂದ. ಆದ್ರೆ ಚಂದ ಅಂತ ಹೇಳಿ ಅದನ್ನು ಚಿತ್ರಕಲೆ ಮಾಡುವುದೂ ಬೇಡ. ಕಾಗದ ಪೋಲು ಮಾಡದ ಮನೆಯ ಹೆಂಗಸು ಕೈಗೆ ಸಿಕ್ಕಿದ್ದರಲ್ಲಿ ಬರೆದದ್ದೂ ಆಗಿರಬಹುದಲ್ಲ.

ಅರೆಓದುಗ
ಪತ್ರಗಳ ಕತೆ ಏನು? ಅವುಗಳನ್ನೂ ಹೀಗೇ ತಿದ್ದಿದ್ದಾರಾ?

ನಿರ್ಮಲಕ್ಕ
ಪತ್ರಗಳದು ಇನ್ನೂ ಘೋರ. ಆಕೆಗೆ ಬಂದ ಪತ್ರಗಳನ್ನು ಆಕೆಯ ಮಾತಿನಂತೆ ಲವೀನಿಯಾ ಸುಟ್ಟಳು, ಹಾಗಾಗಿ ಉಳಿದದ್ದು ಹೆಚ್ಚಾಗಿ ಒಂದೇ ಕಡೆಯ ಮಾತು. ಅಣ್ಣ ಆಸ್ಟಿನ್‌ಗೆ ಬರೆದ ಪತ್ರಗಳಲ್ಲಿ ಸೂಸನ್ ಹೆಸರು ಬಂದ ಕಡೆ ಯಾರೋ ಉಜ್ಜಿ ಅಳಿಸಿದ್ದಾರೆ, ಕತ್ತರಿ ಹಾಕಿದ್ದಾರೆ. ‘ಒಬ್ಬ ತಂಗಿ ನಮ್ಮ ಮನೆಯಲ್ಲಿ, ಇನ್ನೊಬ್ಬಳು ಬೇಲಿಯಾಚೆ’ ಅಂತ ಸೂಸನ್ ಮೇಲೆ ಬರೆದ ಪದ್ಯಕ್ಕೆ ಪುಸ್ತಿಕೆಯಲ್ಲಿ ಸಾಲು ಸಾಲಿಗೂ ಶಾಯಿ ಬಳಿದಿದ್ದಾರೆ. ಸೂಸನ್ ಹತ್ತಿರ ಇನ್ನೊಂದು ಪ್ರತಿ ಇದ್ದದ್ದಕ್ಕೆ ನಮಗೆ ಅದು ಸಿಕ್ಕಿತು. 1894ರಲ್ಲಿ ಟಾಡ್ ತಂದ ಎರಡು ಪತ್ರಸಂಪುಟಗಳಲ್ಲಿ ಸೂಸನ್‌ಗೆ ಬರೆದ ಪತ್ರಗಳೇ ಇಲ್ಲ. ಡಿಕಿನ್ಸನ್ ಎಲ್ಲರಿಗಿಂತ ಹೆಚ್ಚು ಬರೆದದ್ದು ಆಕೆಗೇ!

ಟಾಡ್‌ಗೂ ಆಸ್ಟಿನ್‌ಗೂ, ಅಂದರೆ ಸೂಸನ್ ಗಂಡನಿಗೂ, ವರ್ಷಗಟ್ಟಲೆ ಸಂಬಂಧ ಇತ್ತು ಅನ್ನೋದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ.

ಪ್ರೂಫ್ ರೀಡರ್
ಆ ಶಾಯಿ ಬಳಿದದ್ದು ಟಾಡ್ ಅಂತ ಸಾಬೀತಾಗಿಲ್ಲ, ಆಸ್ಟಿನ್ ಮೇಲೂ ಅನುಮಾನ ಇದೆ. ಸೂಸನ್ ತನ್ನ ಪೆಟ್ಟಿಗೆಯಲ್ಲಿದ್ದ ಪತ್ರಗಳನ್ನು ಸವತಿಗೆ ಕೊಡುತ್ತಿದ್ದಳು ಅಂತಲೂ ನೀವು ನಿರೀಕ್ಷೆ ಮಾಡಲಾಗದು.

ಕಡಲಕರೆ
ಸಂಸಾರದ ಜಗಳದಲ್ಲಿ ಸಾಹಿತ್ಯ ಎರಡು ಪಾಲಾಯ್ತು, ಅಷ್ಟೇ. ಆಸ್ಟಿನ್ ತೀರಿಕೊಂಡ ಮೇಲೆ ಒಂದು ತುಂಡು ಜಾಗಕ್ಕಾಗಿ ಲವೀನಿಯಾ ಟಾಡ್ ಮೇಲೆ ಕೇಸು ಹಾಕಿದ್ದು, 1898ರಲ್ಲಿ ಗೆದ್ದದ್ದು. ಟಾಡ್ ಸಿಟ್ಟಿನಲ್ಲಿ ತನ್ನ ಹತ್ತಿರ ಇದ್ದ ಹಸ್ತಪ್ರತಿ ಎಲ್ಲ ಕರ್ಪೂರದ ಮರದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಮೂವತ್ತು ವರ್ಷ ಯಾರೂ ತೆಗೀಲಿಲ್ಲ. ಮಗಳು ಮಿಲಿಸೆಂಟ್ ಅದರಿಂದ ಆರುನೂರಕ್ಕೂ ಹೆಚ್ಚು ಕವಿತೆ ಅಚ್ಚು ಹಾಕಿಸುವಾಗ 1945. ಈಗ ಸೂಸನ್ ಕಡೆಯ ಪಾಲು ಹಾರ್ವರ್ಡ್‌ನಲ್ಲಿ, ಟಾಡ್ ಕಡೆಯದ್ದು ಆಮ್‌ಹರ್ಸ್ಟ್ ಕಾಲೇಜಿನಲ್ಲಿ. ಜಾಗದ ವ್ಯಾಜ್ಯ ನಮ್ಮ ಊರಲ್ಲಿ ಮಾತ್ರ ಅಂತ ತಿಳ್ಕೊಂಡಿದ್ದೆ.

ಪ್ರೂಫ್ ರೀಡರ್
ಕೈಬರಹ ದೇವರು ಅನ್ನುವವರಿಗೆ ಒಂದು ಪ್ರಸಂಗ. 1997ರಲ್ಲಿ ಡಿಕಿನ್ಸನ್‌ಳ ಹೊಸ ಕವಿತೆಯೊಂದು ಸದಬೀಸ್ ಹರಾಜಿಗೆ ಬಂತು. ಕಾಗದ ಹಳೆಯದು, ಪೆನ್ಸಿಲ್ ಬರಹ ಆಕೆಯದೇ. ಆಕೆಯ ಊರು ಆಮ್‌ಹರ್ಸ್ಟ್‌ನ ಜೋನ್ಸ್ ಲೈಬ್ರರಿ ಜನರಿಂದ ಹಣ ಎತ್ತಿ 21,000 ಡಾಲರಿಗೆ ಕೊಂಡಿತು. ಆಮೇಲೆ ನೋಡಿದರೆ ಅದು ಮಾರ್ಕ್ ಹಾಫ್ಮನ್ ಎಂಬ ಖೋಟಾ ನಿಪುಣನ ಕೈಚಳಕ. ಆತ ಆಗಲೇ ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದ. ಗೆರೆಯ ಓರೆ, ಅಕ್ಷರದ ನಡುವಿನ ಸಂದು, ಎಲ್ಲ ಪಕ್ಕಾ ನಕಲು.

ಧಾರವಾಡದಾಂವ
ಹಿಡದವರೂ ಕೈಬರಹ ಬಲ್ಲವರೇ ಹೌದಲ್ರಿ? ಲೈಬ್ರರಿಯಾಂವನೇ ಸಂಶೇ ಬಂದು ಬೆನ್ನತ್ತಿದ್ದು. ಬರೇ ಅಚ್ಚು ಓದಿದವರಿದ್ದಿದ್ರ ಇವತ್ತಿಗೂ ಅದು ಪಠ್ಯದಾಗ ಇರತಿತ್ತು.

ಅರೆಓದುಗ
ಈ ಪೈಪೋಟಿ ಆಮೇಲೆ ಮುಂದುವರಿಸಿ. ಈಗ ಒಂದು ಪುಸ್ತಕ ತಗೋಬೇಕು ಅಂದರೆ ಯಾವುದು? ಜೇಬು ನೋಡಿಕೊಂಡು ಹೇಳಿ.

ನಿರ್ಮಲಕ್ಕ
2016ರಲ್ಲಿ ಕ್ರಿಸ್ಟೇನ್ ಮಿಲ್ಲರ್ ಸಂಪಾದಿಸಿದ್ದು ತಗೊಳ್ಳಿ. ಪುಸ್ತಿಕೆಗಳ ಅನುಕ್ರಮ ಹಾಗೇ ಇದೆ, ಬದಲಿ ಶಬ್ದಗಳು ಪಕ್ಕದಲ್ಲೇ ಕಾಣ್ತವೆ. ಪತ್ರ ಬೇಕಾದರೆ ಅದೇ ಮಿಲ್ಲರ್ ಮತ್ತು ಡೊನಾಲ್ ಮಿಚೆಲ್ 2024ರಲ್ಲಿ ತಂದದ್ದಿದೆ, 1,300ಕ್ಕೂ ಹೆಚ್ಚು ಪತ್ರ. ದಪ್ಪ, ದುಬಾರಿ. ಲೈಬ್ರರಿಯಲ್ಲಿ ಕೇಳಿ ನೋಡಿ.

ಪ್ರೂಫ್ ರೀಡರ್
ಮೊದಲ ಓದಿಗೆ ಫ್ರ್ಯಾಂಕ್ಲಿನ್‌ದು ಒಂದು ಸಂಪುಟದ್ದು ಸಾಕು. 1,789 ಕವಿತೆ, ಒಂದಕ್ಕೆ ಒಂದೇ ಪಾಠ. ಪಕ್ಕದ ಶಬ್ದಗಳ ಕಾಟ ಇಲ್ಲದೆ ಪದ್ಯ ಪದ್ಯದ ಹಾಗೆ ಓದಬಹುದು.

ಧಾರವಾಡದಾಂವ
ರೊಕ್ಕ ಯಾಕ ಹಾಕ್ತೀರಿ, ಹಸ್ತಪ್ರತಿಯ ಫೋಟೋ ಇಂಟರ್ನೆಟ್‌ನಾಗ ಪುಕ್ಕಟೆ ಅದಾವ. ಹಾರ್ವರ್ಡ್‌ನವರು ಹಕ್ಕು ತಮ್ಮದು ಅಂತಾರ, ಆಮ್‌ಹರ್ಸ್ಟ್‌ನವರು ತಮ್ಮ ಪಾಲಿಂದು ಎಲ್ಲಾರಿಗೂ ತಗದಿಟ್ಟಾರ. ನೋಡಾಕಂತೂ ಎರಡೂ ಸಿಗತಾವು.

ಪ್ರೂಫ್ ರೀಡರ್
ನೋಡೋದು ಸರಿ, ಆ ಅಕ್ಷರ ಓದೋಕೆ ಪಕ್ಕದಲ್ಲಿ ಅಚ್ಚಿನ ಪುಸ್ತಕ ಇಟ್ಟುಕೊಳ್ಳದೆ ಒಂದು ಪದ್ಯ ಮುಗಿಸಿ ತೋರಿಸಿ ಧಾರವಾಡದವರೇ, ಆಮೇಲೆ ಮಾತಾಡೋಣ.

ಧಾರವಾಡದಾಂವ
ಆ ಹಾವಿನ ಪದ್ಯಾನೇ ತಗೋತೀನಿ. ರವಿವಾರ ಇಲ್ಲೇ ಹಾಕ್ತೀನಿ, ಪ್ರೂಫ್ ನೋಡ್ರಿ ನೀವು. ಮೂರನೇ ಸಾಲಿಗೆ ಕೈ ಹಚ್ಚಬ್ಯಾಡ್ರಿ ಮತ್ತ.