ಎರಡು ವರ್ಷ ಮುಟ್ಟದ ರೇಖಾಗಣಿತ: ಪ್ರವೇಶ ಪರೀಕ್ಷೆಗೆ ಎಲ್ಲಿಂದ ಶುರು ಮಾಡಲಿ?

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಎಸ್‌ಎಸ್‌ಎಲ್‌ಸಿವರೆಗೆ ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮ. ಸಿಇಟಿ ಜೊತೆಗೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಮ್ಯಾಥ್ ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕೆಂದಿದ್ದೇನೆ. ಆ ಪದವಿ ಇರುವುದು ಅವರ ಬೆಂಗಳೂರು ಕೇಂದ್ರದಲ್ಲಿ. ಅಪ್ಪ ಒಪ್ಪಿದ್ದಕ್ಕೆ ಅದೂ ಒಂದು ಕಾರಣ.

ಸರಳರೇಖೆ, ಪರವಲಯ, ದೀರ್ಘವೃತ್ತ ಬಂದರೆ ಸಮೀಕರಣ ಬರೆದು ಹೇಗೋ ದಾಟುತ್ತೇನೆ. ಬರೀ ತ್ರಿಭುಜ, ವೃತ್ತ ಕೊಟ್ಟು ಉದ್ದ ಕೇಳಿದರೆ ಕೈ ಓಡುವುದಿಲ್ಲ. ಪಿಯುಸಿಯ ಎರಡು ವರ್ಷಗಳಲ್ಲಿ ಆ ರೇಖಾಗಣಿತವನ್ನು ಯಾರೂ ಮುಟ್ಟಿಸಲಿಲ್ಲ. ಹತ್ತನೆಯ ತರಗತಿಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬಾಯಿಪಾಠ ಮಾಡಿ ಪ್ರಮೇಯಕ್ಕೆ ಪೂರ್ತಿ ಅಂಕ ತೆಗೆದವಳು ನಾನು. ಈಗ ಒಂದೂ ನೆನಪಿಲ್ಲ. ನೋಟ್ಸನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದೆ, ವಾಪಸು ಬಂದದ್ದು ರಟ್ಟು ಮಾತ್ರ.

ಇಂಗ್ಲಿಷ್ ಪದಗಳ ಕಾಟ ಬೇರೆ. ಮೊನ್ನೆ ಒಂದು ಲೆಕ್ಕದಲ್ಲಿ ತ್ರಿಭುಜದ ‘ಮೀಡಿಯನ್’ ಕೇಳಿದ್ದರು. ನಾನು ಮೂರು ಬಾಹುಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ಆರಿಸಿದೆ. ನಗಬೇಡಿ. ಮೂರು ತಿಂಗಳಿದೆ. ಎಲ್ಲಿಂದ ಹಿಡಿಯಲಿ?

ಸೂತ್ರಧಾರ

ಸೂತ್ರಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ತ್ರಿಭುಜಕ್ಕೆ 20, ವೃತ್ತಕ್ಕೆ 15 ಸಾಕು. ದಿನಾ ಬೆಳಿಗ್ಗೆ ಓದಿ. ನನ್ನ ತಮ್ಮ ಹೀಗೇ ಮಾಡಿದ.

ಹಳೆಯ ಕೈವಾರ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದವನು ನಾನು. ನೋಡಮ್ಮ, ಗೋಡೆಗೆ ಅಂಟಿಸಿದ ಸೂತ್ರ ಗೋಡೆಗೆ ಬರುತ್ತದೆ, ನಿನಗೆ ಬರುವುದಿಲ್ಲ.

ಮೊದಲು ಮೀಡಿಯನ್ ವಿಷಯ. ನಗಲಿಲ್ಲ. ಕನ್ನಡದಲ್ಲಿ ಸಂಖ್ಯಾಶಾಸ್ತ್ರದ್ದು ಮಧ್ಯಾಂಕ, ತ್ರಿಭುಜದ್ದು ಮಧ್ಯರೇಖೆ, ಅಂದರೆ ಮೂಲೆಯಿಂದ ಎದುರು ಬಾಹುವಿನ ಮಧ್ಯಬಿಂದುವಿಗೆ ಎಳೆದ ಗೆರೆ; ಎರಡಕ್ಕೆ ಎರಡು ಪದ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ. ಎಡವಿದ್ದು ನಿನ್ನ ತಪ್ಪಲ್ಲ. ಒಂದು ಹಾಳೆಯಲ್ಲಿ ಸರ್ವಸಮ, ಸಮರೂಪ, ಜ್ಯಾ, ಸ್ಪರ್ಶಕ, ಲಂಬ, ಕೋನಾರ್ಧಕ, ಪರಿವೃತ್ತ, ಅಂತರ್ವೃತ್ತ ಎಂದು ಬರೆದು ಎದುರಿಗೆ ಇಂಗ್ಲಿಷ್ ಪದ ಬರೆದುಕೊ. ಅದು ಒಂದು ಸಂಜೆಯ ಕೆಲಸ.

ಇನ್ನು ಅಸಲು ಕೆಲಸ. ಒಂದೇ ಒಂದು ತ್ರಿಭುಜ ಕೊಡುತ್ತೇನೆ: ಎಬಿ 13, ಬಿಸಿ 14, ಸಿಎ 15. ಇದು ನನ್ನ ಸ್ವಂತದ್ದಲ್ಲ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇದನ್ನೇ ಕೇಳಿದ್ದಾರೆ. ಅಲ್ಲಿ 14ಕ್ಕೆ ‘ಮನು’ ಎಂದೂ 15ಕ್ಕೆ ‘ತಿಥಿ’ ಎಂದೂ ಹೇಳಿದೆ. ಮನುಗಳು ಹದಿನಾಲ್ಕು, ಪಕ್ಷಕ್ಕೆ ತಿಥಿಗಳು ಹದಿನೈದು. ನಾನು ಹೇಳುವ ಮೊದಲೇ ಅಂಕಿಗಳ ಗುಟ್ಟು ಬಿಡಿಸಿದ ಮಕ್ಕಳು ಪ್ರತಿ ವರ್ಷ ಒಬ್ಬರಾದರೂ ಇರುತ್ತಿದ್ದರು, ಹೆಚ್ಚಾಗಿ ಪಂಚಾಂಗ ಓದುವ ಮನೆಯವರು.

ಎ4 ಹಾಳೆಯಲ್ಲಿ ಸೆಂಟಿಮೀಟರ್ ಅಳತೆಯಲ್ಲೇ ಬರೆ, ಬಿಸಿ ಕೆಳಗಿರಲಿ. ಬಿಸಿಯ ಮೇಲೆ ನಾಲ್ಕು ಬಿಂದು ಗುರುತಿಸು: ಎ ಇಂದ ಎಳೆದ ಲಂಬದ ಪಾದ, ಅಂತರ್ವೃತ್ತ (ಮೂರೂ ಬಾಹುಗಳನ್ನು ಒಳಗಿನಿಂದ ಮುಟ್ಟುವ ವೃತ್ತ) ತಾಗುವ ಜಾಗ, ಎ ಕೋನದ ಅರ್ಧಕ ಕಡಿಯುವ ಜಾಗ, ಮಧ್ಯಬಿಂದು. ನಾಲ್ಕೂ ಬಿ ಇಂದ ಎಷ್ಟು ದೂರ? ಸೂತ್ರ ನೋಡದೆ ಕಂಡುಹಿಡಿದು ಇಲ್ಲಿ ಬರೆ.

ತುಂಗೆಯ ದಡ

ಸರ್, ನನ್ನ ಕೈವಾರ 15 ಸೆಂ.ಮೀ. ಅಗಲಿಸುವುದಿಲ್ಲ. ಹಾಗಾಗಿ ಲಂಬವನ್ನು ಮೊದಲು ಲೆಕ್ಕ ಹಾಕಿದೆ. ಪಾದ ಬಿ ಇಂದ ‘ಕ’ ದೂರ ಎಂದುಕೊಂಡೆ. ಎರಡೂ ಕಡೆಯ ಲಂಬಕೋನ ತ್ರಿಭುಜಗಳಿಗೆ ಎತ್ತರ ಒಂದೇ. 13ರ ವರ್ಗದಿಂದ ಕ ವರ್ಗ ಕಳೆದರೂ, 15ರ ವರ್ಗದಿಂದ (14 − ಕ)ದ ವರ್ಗ ಕಳೆದರೂ ಒಂದೇ ಬರಬೇಕು. ಕ = 5, ಎತ್ತರ 12. ಅಂದರೆ 5-12-13 ಮತ್ತು 9-12-15 ತ್ರಿಭುಜಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ್ದಾರೆ! ಮೂಲೆಮಟ್ಟ ಇಟ್ಟು 12 ಸೆಂ.ಮೀ. ಎಬ್ಬಿಸಿದೆ, ತ್ರಿಭುಜ ಕೂತಿತು. ವಿಸ್ತೀರ್ಣ 84.

ಅಂತರ್ವೃತ್ತದ ಕೇಂದ್ರವನ್ನು ಮೂರು ಮೂಲೆಗಳಿಗೆ ಸೇರಿಸಿದರೆ ಮೂರು ತ್ರಿಭುಜಗಳು, ಮೂರಕ್ಕೂ ಎತ್ತರ ತ್ರಿಜ್ಯವೇ. ಸುತ್ತಳತೆ 42, ಅದರ ಅರ್ಧ 21. 84ನ್ನು 21ರಿಂದ ಭಾಗಿಸಿದರೆ ತ್ರಿಜ್ಯ 4. ಲಂಬದ ಮೇಲೆ 4 ಸೆಂ.ಮೀ. ಎತ್ತರದಲ್ಲಿ ಕೈವಾರ ಊರಿ ವೃತ್ತ ಎಳೆದೆ. ಎಡಗಡೆ ಎಬಿಯನ್ನು ದಾಟಿ ಹೊರಗೆ ಹೋಯಿತು, ಬಲಗಡೆ ಎಸಿಗೆ ತಾಗಲೇ ಇಲ್ಲ. ಮೂರು ಸಲ ಅಳಿಸಿದೆ, ಹಾಳೆ ತೂತಾಯಿತು. ತಪ್ಪು ಎಲ್ಲಿದೆ?

ಮಧ್ಯಬಿಂದು 7. ಕೋನಾರ್ಧಕದ್ದೂ 7 ಎಂದುಕೊಂಡಿದ್ದೇನೆ.

ಹಳೆಯ ಕೈವಾರ

ಭೇಷ್. ತೂತಾದ ಹಾಳೆಯನ್ನು ಎಸೆಯಬೇಡ.

ತ್ರಿಜ್ಯ ಸರಿ, ಕೇಂದ್ರ ಕೂತ ಜಾಗ ತಪ್ಪು. ಲಂಬ ಎಳೆದಿತ್ತು, ಕಣ್ಣೆದುರಿಗಿತ್ತು, ಅದರ ಮೇಲೇ ಕೇಂದ್ರ ಇಟ್ಟುಬಿಟ್ಟೆ. ಕೇಂದ್ರ ಇರುವುದು ಕೋನಾರ್ಧಕದ ಮೇಲೆ. ಎರಡು ಬಾಹು ಸಮನಾಗಿದ್ದರೆ ಲಂಬ, ಕೋನಾರ್ಧಕ, ಮಧ್ಯರೇಖೆ ಮೂರೂ ಒಂದೇ ಗೆರೆ. ನಾವು ಮೇಷ್ಟ್ರುಗಳು ಕರಿಹಲಗೆಯ ಮೇಲೆ ಸದಾ ಅಂಥ ಚೆಂದದ ತ್ರಿಭುಜವನ್ನೇ ಬರೆದು ನಿಮ್ಮ ಕಣ್ಣು ಕೆಡಿಸಿದ್ದೇವೆ.

ನೀನು ಬಾಯಿಪಾಠ ಮಾಡಿದ ಪ್ರಮೇಯವೇ ಇಲ್ಲಿ ಬೇಕು: ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳ ಉದ್ದ ಸಮ. ಎ ಇಂದ ಎರಡು, ಬಿ ಇಂದ ಎರಡು, ಸಿ ಇಂದ ಎರಡು. ಎ ಮತ್ತು ಬಿಯವು ಕೂಡಿದರೆ 13, ಬಿ ಮತ್ತು ಸಿಯವು 14, ಸಿ ಮತ್ತು ಎಯವು 15. ಮೂರನ್ನೂ ಕೂಡಿ ಅರ್ಧ ಮಾಡಿದರೆ 21. ಅದರಲ್ಲಿ 15 ಕಳೆ: ಬಿಯ ಸ್ಪರ್ಶಕ 6. ಅಂತರ್ವೃತ್ತ ತಾಗುವುದು ಅಲ್ಲಿ, 5ರಲ್ಲಲ್ಲ.

ಕೋನಾರ್ಧಕದ ಮೇಲಿನ ಬಿಂದು ಎರಡೂ ಬಾಹುಗಳಿಂದ ಸಮದೂರ. ಅದು ಬಿಸಿಯನ್ನು ಕಡಿದಾಗ ಆಗುವ ಎರಡು ತುಂಡುಗಳ ವಿಸ್ತೀರ್ಣ 13:15 ಅನುಪಾತದಲ್ಲಿರುತ್ತದೆ. ಅದೇ ತುಂಡುಗಳಿಗೆ ಎ ಇಂದ ಎತ್ತರ ಒಂದೇ ಆದ್ದರಿಂದ ಪಾದಗಳೂ 13:15. ಹದಿನಾಲ್ಕನ್ನು ಹಾಗೆ ಹಂಚಿದರೆ 6.5, 7.5.

ಈಗ ಸಾಲಾಗಿ ಇಡು: 5, 6, 6.5, 7. ನಾಲ್ಕೂ ಎರಡು ಸೆಂಟಿಮೀಟರ್ ಒಳಗೆ. ಬೆರಳುದ್ದದ ಚಿತ್ರ ಬರೆದಿದ್ದರೆ ನಾಲ್ಕೂ ಒಂದೇ ಚುಕ್ಕೆಯಂತೆ ಕಾಣುತ್ತಿದ್ದವು, ನಿನ್ನ ವೃತ್ತವೂ ತಾಗಿದಂತೆ ಕಾಣುತ್ತಿತ್ತು.

ಮುಂದಿನದು ಪರಿವೃತ್ತ, ಮೂರೂ ಮೂಲೆಗಳಲ್ಲಿ ಹಾಯುವ ವೃತ್ತ. ಎ ಇಂದ ವ್ಯಾಸ ಎಳೆದು ಇನ್ನೊಂದು ತುದಿಯನ್ನು ಡಿ ಎನ್ನು, ಡಿ-ಸಿ ಸೇರಿಸು. ಅರ್ಧವೃತ್ತದಲ್ಲಿನ ಕೋನ ಲಂಬ. ಬಿ, ಡಿ ಕೋನಗಳು ಒಂದೇ ವೃತ್ತಖಂಡದಲ್ಲಿರುವುದರಿಂದ ಸಮ. ಲಂಬದ ಎಡಗಡೆಯ ತ್ರಿಭುಜವೂ ಎಡಿಸಿಯೂ ಸಮರೂಪ. ಹಾಗಾಗಿ 13ಕ್ಕೆ ವ್ಯಾಸ ಹೇಗೋ 12ಕ್ಕೆ 15 ಹಾಗೆ. ವ್ಯಾಸ 16.25; ಎ4 ಹಾಳೆಯ ಅಗಲ 21, ಹಿಡಿಸುತ್ತದೆ. ಎಳೆದು ನೋಡು.

ಮೈಸೂರು ರಸ್ತೆ

ನಾನು ಅದೇ ಬಿ.ಮ್ಯಾಥ್ ಓದಿದವನು. ಮೇಷ್ಟ್ರು ಹೇಳಿದ್ದಕ್ಕೆ ಸಣ್ಣ ತಕರಾರು: ಕೈ ಓಡದಿದ್ದಾಗ ನಿರ್ದೇಶಾಂಕ ಹಾಕಲು ನಾಚಬೇಡಿ. ಬಿ (0, 0), ಸಿ (14, 0), ಎ (5, 12). ಅಂತರ್ಕೇಂದ್ರ (6, 4). ಪರಿಕೇಂದ್ರ 7ರ ನೇರದಲ್ಲಿರಬೇಕು, ಎ ಮತ್ತು ಬಿಯಿಂದ ಸಮದೂರ ಎಂದು ಬರೆದರೆ (7, 4.125). ನಿಮಗೆ ಪಿಯುಸಿಯಲ್ಲಿ ಚೆನ್ನಾಗಿ ಬರುವುದು ಇದೇ ತಾನೆ?

ನಾನು ಬರೆದ ವರ್ಷ ಬೆಳಗಿನ ಪತ್ರಿಕೆಯಲ್ಲಿ ಎರಡು ಗಂಟೆಗೆ 30 ಬಹು ಆಯ್ಕೆ ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ ಸೊನ್ನೆ, ಬರೆಯದೆ ಬಿಟ್ಟರೆ 1. ಮಧ್ಯಾಹ್ನದ್ದು ವಿವರವಾಗಿ ಬರೆಯುವ 8 ಪ್ರಶ್ನೆಗಳು. ಬೆಳಿಗ್ಗೆ ನಿರ್ದೇಶಾಂಕ ಹಾಕಿ ಉತ್ತರ ತೆಗೆದರೆ ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಮಾತ್ರ ‘ಚಿತ್ರದಿಂದ ಸ್ಪಷ್ಟ’ ಎಂದು ಬರೆಯಬೇಡಿ. ನಾನು ಬರೆದು ಅನುಭವಿಸಿದ್ದೇನೆ.

ಹಳೆಯ ಕೈವಾರ

ತಕರಾರು ಒಪ್ಪಿದೆ. ಆದರೆ ಮೊದಲು ಚಿತ್ರ, ಆಮೇಲೆ ನಿರ್ದೇಶಾಂಕ.

ತುಂಗೆಯ ದಡ

ಸರ್, ಪರಿವೃತ್ತ ಮೂರೂ ಮೂಲೆಗಳಲ್ಲಿ ಹಾಯ್ದು ಹೋಯಿತು. ಅಣ್ಣ ಹೇಳಿದಂತೆ ನಿರ್ದೇಶಾಂಕವನ್ನೂ ಹಾಕಿ ನೋಡಿದೆ. ಹಾಗೇ ಮಧ್ಯರೇಖೆಗಳು ಸೇರುವ ಬಿಂದುವನ್ನೂ ತೆಗೆದೆ: ಅದರ ಎತ್ತರ 12ರ ಮೂರನೆಯ ಒಂದು ಭಾಗ, ಅಂದರೆ 4. ಅಂತರ್ಕೇಂದ್ರದ ಎತ್ತರವೂ 4. ಇದು ಕಾಕತಾಳೀಯವೇ?

ಹಳೆಯ ಕೈವಾರ

ಇಷ್ಟು ವರ್ಷ ಈ ತ್ರಿಭುಜ ಕೊಟ್ಟೆ, ಇದನ್ನು ಕೇಳಿದವರು ಇಬ್ಬರೋ ಮೂವರೋ. ಉತ್ತರ ಹೇಳುವುದಿಲ್ಲ. 13, 14, 15 ಎಂಬ ಮೂರು ಅಂಕಿಗಳನ್ನೇ ದಿಟ್ಟಿಸಿ ನೋಡು.

ತುಂಗೆಯ ದಡ

14 ಎನ್ನುವುದು 13 ಮತ್ತು 15ರ ಸರಾಸರಿ! ಸುತ್ತಳತೆ 14ರ ಮೂರು ಪಟ್ಟು. ವಿಸ್ತೀರ್ಣವನ್ನು 14 ಮತ್ತು ಎತ್ತರದಿಂದ ತೆಗೆದರೂ ಒಂದೇ, ಸುತ್ತಳತೆ ಮತ್ತು ತ್ರಿಜ್ಯದಿಂದ ತೆಗೆದರೂ ಒಂದೇ. ಹಾಗಾಗಿ ತ್ರಿಜ್ಯ ಎತ್ತರದ ಮೂರನೆಯ ಒಂದು ಭಾಗವಾಗಲೇಬೇಕು. 3-4-5ರಲ್ಲೂ ನೋಡಿದೆ. 4ರ ಮೇಲಿನ ಎತ್ತರ 3, ಅಂತರ್ವೃತ್ತದ ತ್ರಿಜ್ಯ 1. ಅಲ್ಲೂ ಬಂತು ಸರ್.